ಕೋಚ್ ಕಳೆದುಕೊಂಡ ಎರಡು ಹಲ್ಲು

ಮಣಿಕಟ್ಟಿನ ಎಕ್ಸ್-ರೇಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರಿದ್ದರು. ಬಾಯಿಗೆ ಹತ್ತಿ ಒತ್ತಿಕೊಂಡಿದ್ದವರು ಫುಟ್‌ಬಾಲ್ ತಂಡದ ಕೋಚ್. ಪಕ್ಕದಲ್ಲಿದ್ದವಳು ಅದೇ ತಂಡದ ಫಿಸಿಯೋ. ಅವಳ ಬೂಟಿನ ತುದಿಯಲ್ಲಿ ರಕ್ತ ಒಣಗಿತ್ತು.

“ಎರಡು ಹಲ್ಲು ಹೋಯ್ತು. ಇಡೀ ಮೈದಾನದ ಮುಂದೆ ಹುಚ್ಚು ಕತ್ತೆ ಥರ ಒದ್ದೆಯಲ್ಲ, ನಿನ್ನ ಕಾಲು ಮುರೀತೀನಿ.”

“ಮುರೀರಿ ಸಾರ್. ಮೊದಲು ಒಳಗಿಂದ ಸುದ್ದಿ ಬರಲಿ.”

“ಅವಳು ನನ್ನ ಮಗಳು ಕಣೇ! ಆಡ್ತಾ ಆಡ್ತಾ ತಲೆಕೆಳಗಾಗಿ ಬಿದ್ದು ಹಾಗೇ ಮಲಗಿದ್ಲು. ಎತ್ತಿ ಕೂರಿಸಿ ನೀರು ಕುಡಿಸಬಾರದಾ?”

“ಕತ್ತಿನ ಮೂಳೆ ಮುರಿದಿದ್ರೆ? ಎತ್ತಿದ ಗಳಿಗೆಯಲ್ಲೇ ಕೈಕಾಲು ಸತ್ತುಹೋಗೋದು. ಎತ್ತಬೇಡಿ ಅಂತ ಮೂರು ಸಲ ಕಿರುಚಿದೆ. ನೀವು ತೋಳು ಹಿಡಿದು ಎಳೀತಾನೇ ಇದ್ರಿ.”

“ಅದಕ್ಕೆ ಮುಖಕ್ಕೇ ಒದೆಯೋದಾ? ಕೈಯಲ್ಲಿ ತಳ್ಳೋಕೆ ಏನಾಗಿತ್ತು?”

“ಎರಡು ಕೈಯಲ್ಲೂ ಅವಳ ತಲೆ ಅಲ್ಲಾಡದ ಹಾಗೆ ಹಿಡಿದಿದ್ದೆ ಸಾರ್. ಬಿಡೋ ಹಾಗಿರಲಿಲ್ಲ. ಖಾಲಿ ಇದ್ದದ್ದು ಕಾಲೊಂದೇ.”

ಕೋಚ್ ಬೈಯಲು ಬಾಯಿ ತೆರೆದರು. ರಕ್ತ ಗಲ್ಲದ ಮೇಲೆ ಇಳಿಯಿತು. ಅಷ್ಟರಲ್ಲಿ ಬಾಗಿಲು ತೆರೆಯಿತು.

“ಹುಡುಗಿಯ ತಂದೆ ಯಾರು?” ಎಂದಳು ನರ್ಸ್. “ಕತ್ತಿನ ಮೂಳೆ ಬಿರುಕು ಬಿಟ್ಟಿದೆ, ಜರುಗಿಲ್ಲ. ಕೈಕಾಲು ಆಡಿಸ್ತಿದಾಳೆ. ಬಂದು ನೋಡಿ, ಆದ್ರೆ ಮುಟ್ಟಬೇಡಿ.”

ಕೋಚ್ ಎದ್ದರು. ಎರಡು ಹೆಜ್ಜೆ ಹೋಗಿ ನಿಂತರು.

“ನೀನೂ ಬಾ.”

“ನಾನ್ಯಾಕೆ ಸಾರ್?”

“ನೋಡಿದ ತಕ್ಷಣ ತಬ್ಬಿಕೊಂಡುಬಿಡ್ತೀನಿ. ಈ ಸಲ ನಿನ್ನ ಕೈ ಖಾಲಿ ಇದೆಯಲ್ಲ, ಹಿಂದೆ ಮುಂದೆ ನೋಡದೆ ಹೊಡಿ.”

ಅವಳು ಅವರ ಹಿಂದೆ ಒಳಗೆ ಹೋದಳು.