ಕಿವಿಯೊಳಗಿನ ಜೀರುಂಡೆ

...ಅಲ್ಲ ಕಣಮ್ಮಿ, ಆವಾಗ ನಂಗೇನು ವಯಸ್ಸಾಗಿತ್ತಾ, ಕಿವಿ ಮಂದವಾಗಕ್ಕೆ? ನಿಮ್ಮಪ್ಪ ಇನ್ನೂ ಮೂರು ತಿಂಗಳ ಕೂಸು. ಪುಣಜನೂರಲ್ಲಿದ್ದೋ. ನಿಮ್ಮ ತಾತ ಕಬ್ಬು ಕಡಿಯಕ್ಕೆ, ಅಲ್ಲಲ್ಲ, ಅರಿಶಿನ ಕೀಳಕ್ಕೆ ಬೇಗೂರ ಕಡೆ ಓಗಿದ್ರು. ನಂಗೆ ಮಲೇರಿಯಾ ಬಂತು. ಚಾಮರಾಜನಗರದ ಆಸ್ಪತ್ರೇಲಿ ಎರಡು ದಿನ ಇದ್ದು, ಕ್ವಿನೈನ್ ಮಾತ್ರೆ ಸೆರಗಲ್ಲಿ ಕಟ್ಕೊಂಡು ಬಂದೆ. ಬಂದ ಮಾರನೇ ದಿನದಿಂದ ಜೀರುಂಡೆ ಕೂಗಕ್ಕೆ ಸುರುವಾಯ್ತು, ಗುಂಯ್ ಅಂತ, ಬುಡದೇ ಇಲ್ಲ. ಕಾಡಂಚಿನ ಊರಲ್ಲಿ ಜೀರುಂಡೆ ಕೂಗ್ದೆ ಇನ್ನೇನು ಅಂತ ನಾನೂ ಸುಮ್ಕಿದ್ದೆ. 'ಈ ಸಲ ಜೀರುಂಡೆ ಜಾಸ್ತಿ ಕಣತ್ತೆ' ಅಂದ್ರೆ ನಮ್ಮತ್ತೆ ನನ್ನ ಮೊಕಾನೇ ನೋಡಿದ್ರು. 'ಎಲ್ಲಮ್ಮಿ ಜೀರುಂಡೆ? ಒಂದೂ ಕೂಗ್ತಿಲ್ವಲ್ಲ.'

ಒಂದಿನ ಮಧ್ಯಾಹ್ನ ಅವರೆಕಾಯಿ ಸುಲೀತಾ ಕೂತಿವ್ನಿ, ಬೆನ್ನಿಂದೇನೇ ತೊಟ್ಲು. ಕೂಸು ಅತ್ತೂ ಅತ್ತೂ ಉಸ್ರು ಕಟ್ಟಿತ್ತಂತೆ, ನಂಗೆ ಕೇಳ್ಲೇ ಇಲ್ಲ. ಅತ್ತೆ ಹಿತ್ಲಿಂದ ಓಡ್ಬಂದು ಎತ್ಕೊಂಡ್ರು. ಮಾತ್ರೆ ಸುರು ಮಾಡಿದ್ಮೇಲೇ ಅಲ್ವಾ ಈ ಗುಂಯ್ ಬಂದಿದ್ದು, ಇದು ಮಾತ್ರೆದೇ ಕೆಲ್ಸ ಅಂತ ಗೊತ್ತಾಗಿ, ಉಳಿದಿದ್ನೆಲ್ಲ ರಾಗಿ ಮಡಕೆಯೊಳಗೆ ಮುಚ್ಚಿಟ್ಬುಟ್ಟೆ. ಎರಡು ದಿನಕ್ಕೆ ಮತ್ತೆ ಅದೇ ಚಳಿ, ಕಂಬಳಿ ಮೇಲೆ ಕಂಬಳಿ ಹೊದ್ರೂ ನಡುಕ. ಅತ್ತೆ ರಾಗಿ ತೆಗ್ಯಕ್ಕೋಗಿ ಮಾತ್ರೆ ಕಂಡ್ರು. ಬೈತಾರೆ ಅಂತಿದ್ದೆ. 'ಇದನ್ನ ತಿಂದ್ರೆ ಕೂಸಿನ ಅಳು ಕೇಳಾಕಿಲ್ಲ, ನಂಗೆ ಬ್ಯಾಡ ಅತ್ತೆ' ಅಂತ ಅಳ್ತಾ ಯೋಳ್ದೆ.

ಅವರು ಬಸ್ಸು ಹತ್ತಿಸಿ ಅದೇ ಆಸ್ಪತ್ರೆ ಡಾಕ್ಟರಮ್ಮನತ್ರ ಕರ್ಕೊಂಡೋದ್ರು. ಡಾಕ್ಟರಮ್ಮ ಯೋಳಿದ್ದನ್ನ ಅತ್ತೆ ನನ್ನ ಕಿವೀಲಿ ಕೂಗಿ ಕೂಗಿ ಯೋಳಿದ್ರು: 'ಆ ಮಾತ್ರೆ ಗುಣಾನೇ ಅಂಗಂತೆ. ಮುಗಿದ್ಮೇಲೆ ಇಳೀತದಂತೆ. ನಿಲ್ಲಿಸಿದ್ರೆ ಜ್ವರ ನಿನ್ನ ತಿಂದಾಕ್ತದಂತೆ. ಕೂಸು ಅತ್ರೆ ನಾನು ಸೆರಗು ಎಳೀತೀನಿ, ನೀನು ನುಂಗು.' ಅಂಗೇ ಮಾಡಿದ್ರು ಕಣಮ್ಮಿ. ಹೊಲದ ಕೆಲ್ಸ ಬುಟ್ಟು ತೊಟ್ಲ ಪಕ್ಕ ಕೂತ್ರು. ಎತ್ತವ್ವನೂ ಅಂಗೆ ನೋಡ್ಕೊತಿರ್ಲಿಲ್ಲ.

ಮಾತ್ರೆ ಮುಗ್ದು ನಾಕೈದು ದಿನ ಆಗಿತ್ತು. ಅಂಗಳದಲ್ಲಿ ರಾಗಿ ಒಣಗಾಕಿದ್ದೆ, ಕೋಳಿ ನುಗ್ಗಿ ಕೆದರ್ತಾ ಇತ್ತು. ಹಿಂದುಗಡೆಯಿಂದ, 'ಕಣ್ಣೇನು ಮೇಯಕ್ಕೋಗಿತ್ತಾ? ರಾಗಿಯೆಲ್ಲ ಕೋಳಿ ಪಾಲಾಯ್ತಲ್ಲೇ' ಅಂತ ಅತ್ತೆ ದನಿ ಕೇಳ್ತು. ನಾನು ಅಲ್ಲೇ ಅತ್ಬುಟ್ಟೆ. ಅತ್ತೆ ಗಾಬರಿಯಾಗಿ ಬಂದ್ರು, 'ಇಷ್ಟಕ್ಕೆಲ್ಲ ಅಳ್ತಾರಾ?' 'ಇನ್ನೊಂದ್ಸಲ ಬಯ್ಯಿ ಅತ್ತೆ' ಅಂದೆ.

ಮಾತ್ರೆ ತಿಂದು ಮೈಲೇನಾದ್ರೂ ಎಚ್ಚುಕಮ್ಮಿ ಆದ್ರೆ ನನ್ನಂಗೆ ಮಡಕೇಲಿ ಬಚ್ಚಿಡಬ್ಯಾಡಿ, ಬಾಯ್ಬುಟ್ಟು ಯೋಳಿ.