ಪಗಡಿಯ ಇನ್ನೊಂದು ತುದಿ

...ನಗಬೇಡ ಕಣೇ ಇಶಾ, ನಿಜವಾಗ್ಲೂ ದೊಡ್ಡ ಮನೆತನ ಆ ಸರ್ದಾರ್‌ಜಿದು. ಪಂಜಾಬಲ್ಲಿ ಆ ಮನೆ ಹೆಸರು ಹೇಳಿದ್ರೆ ಜನ ಎದ್ದು ನಿಲ್ತಿದ್ರಂತೆ. ಅಂಥಾ ಮನೆ ಹಿರೀಮಗ ಇಲ್ಲಿ ಟಕ್ವಿಲಾದ ವೇರ್‌ಹೌಸಲ್ಲಿ ನನ್ನ ಪಕ್ಕ ನಿಂತ್ಕೊಂಡು ಡಬ್ಬಕ್ಕೆ ಟೇಪ್ ಅಂಟಿಸ್ತಿದ್ರು. ಆಗ ನಿಮ್ಮ ತಾತಂಗೆ ವಿಮಾನದ ಕಂಪನಿ ಕೆಲಸ ಹೋಗಿತ್ತು, ನಿಮ್ಮಪ್ಪ ಇನ್ನೂ ಕೈಗೂಸು. ಎರಡು ವರ್ಷ, ಅಲ್ಲ, ಒಂದೂವರೆ ವರ್ಷ ನಾನೇ ವೇರ್‌ಹೌಸಿಗೆ ಹೋಗ್ತಿದ್ದೆ. ಬೆಳಿಗ್ಗೆ ಮಾಡಿದ ಸಾರೇ ಮೂರು ಹೊತ್ತು. ಬೇಸ್‌ಮೆಂಟ್ ಬಾಡಿಗೆಗೆ ಕೊಟ್ವಿ, ಅಲ್ಲಿಗೆ ಬಂದೋರೇ ಈ ಸರ್ದಾರ್‌ಜಿ. ದಿನಾ ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತಟ್ಟೋರು, "ಬೆಹೆನ್‌ಜಿ, ಒಂದ್ನಿಮಿಷ!" ಅಷ್ಟುದ್ದ ಬಟ್ಟೆ, ಗೊತ್ತಾ, ಇಬ್ಬರು ಎರಡು ತುದಿ ಹಿಡ್ಕೊಂಡು ಬಿಗಿಯಾಗಿ ಎಳೆದು ಮಡಿಸಿದ್ರೇನೇ ಪಗಡಿ ನೆಟ್ಟಗೆ ಕೂರೋದು. ನಾವು ಸೀರೆ ಮಡಿಸ್ತೀವಲ್ಲ, ಹಾಗೇ. "ಊರಲ್ಲಿ ಇದಕ್ಕೆ ಆಳು ಇದ್ರಾ?" ಅಂತ ಕೇಳ್ದೆ. "ಇಲ್ಲ, ನನ್ನ ತಮ್ಮ ಹಿಡೀತಿದ್ದ" ಅಂದ್ರು, ಅಷ್ಟೇ.

ಮಿಕ್ಕಿದ್ದೆಲ್ಲ ಕೆಲಸಕ್ಕೆ ಕಾರಲ್ಲಿ ಹೋಗ್ತಾ ಹೋಗ್ತಾ ಹೇಳಿದ್ದು. ಮುತ್ತಜ್ಜ ಮಹಾರಾಜರ ದರ್ಬಾರಲ್ಲಿದ್ರಂತೆ, ಅಜ್ಜನಿಗೆ ಬ್ರಿಟಿಷರು ಬಿರುದು ಕೊಟ್ರಂತೆ, ದೇಶ ಎರಡಾದಾಗ ಲಾಹೋರಿನ ಹವೇಲಿ ಹೋಯ್ತು, ಆದ್ರೂ ಅಪ್ಪ ಮಂತ್ರಿ ಆದ್ರು. ಆ ಅಪ್ಪ ಏನ್ಮಾಡಿದ್ರು ಅಂತೀಯ? ಒಬ್ಬ ಮಗನ್ನ ಒಂದು ಪಾರ್ಟಿಗೆ, ಇನ್ನೊಬ್ಬನ್ನ ಎದುರು ಪಾರ್ಟಿಗೆ ಸೇರಿಸಿದ್ರು. ಯಾರು ಗೆದ್ರೂ ಕುರ್ಚಿ ಮನೇಲೇ ಇರುತ್ತಲ್ಲ! ಅಣ್ಣ ತಮ್ಮ ಸಭೇಲಿ ಬೈದಾಡೋರು, ಬೆಳಿಗ್ಗೆ ಎದ್ದು ಒಬ್ಬರ ಪಗಡಿಗೆ ಇನ್ನೊಬ್ಬರು ತುದಿ ಹಿಡಿಯೋರು. ಕಡೆಗೆ ಒಂದ್ಸಲ ಇಬ್ಬರೂ ಒಂದೇ ಊರಲ್ಲಿ ಎಲೆಕ್ಷನ್‌ಗೆ ನಿಂತ್ರು. ಸೋಲ್ತೀನಿ ಅನ್ನಿಸಿದಾಗ ಸರ್ದಾರ್‌ಜಿ ಮೈಕಲ್ಲಿ ಅಂದ್ಬಿಟ್ರಂತೆ, "ಅವನು ನಮ್ಮಪ್ಪನ ಮಗನೇ ಅಲ್ಲ." ಹೆತ್ತ ತಾಯಿ ಮುಂದೇನೇ ಕೂತಿದ್ರಂತಮ್ಮ. ಗೆದ್ರು. ಆದ್ರೆ ಆ ತಾಯಿ ಸಾಯೋವರೆಗೂ ಇವರ ಹತ್ರ ಮಾತಾಡ್ಲಿಲ್ಲ. ನಾಚಿಕೆಗೆ ಎಲ್ಲಾ ಬಿಟ್ಟು ಇಲ್ಲಿಗೆ ಬಂದ್ರು, ತಾಯಿ ಹೋದಾಗ್ಲೂ ಇಲ್ಲೇ ಇದ್ರು.

ಒಂದಿನ ಸರ್ದಾರ್‌ಜಿಗೆ ಅವರ ಪಾರ್ಟಿಯೋರು ಫೋನ್ ಮಾಡಿದ್ರು, ಅಪ್ಪ ಹೋಗ್ಬಿಟ್ರು ಅಂತ. ಅವರಲ್ಲಿ ಕರ್ಮ ಎಲ್ಲಾ ಮುಗಿದ ಮೇಲೆ ಊರೆದುರಿಗೆ ಹಿರೀಮಗನಿಗೆ ಪಗಡಿ ಕಟ್ತಾರೆ, ಅವನೇ ಇನ್ಮುಂದೆ ಮನೆ ಯಜಮಾನ. "ಬನ್ನಿ, ಪಗಡಿನೂ ನಿಮ್ದೇ, ಅಪ್ಪನ ಸೀಟೂ ನಿಮ್ದೇ" ಅಂದ್ರಂತೆ. ಸರ್ದಾರ್‌ಜಿ ನಮ್ಮ ಅಡುಗೆಮನೆ ಫೋನಿಂದ ತಮ್ಮನಿಗೆ ಕಾಲ್ ಮಾಡಿದ್ರು, ನಾನು ಒಲೆ ಹತ್ರಾನೇ ಇದ್ದೆ. "ಪಗಡಿ ನೀನೇ ಕಟ್ಟಿಸ್ಕೋ. ನನಗೆ ಸೀಟು ಬೇಡ. ಆ ದಿನ ಬಂದು ಬಟ್ಟೆ ತುದಿ ಹಿಡ್ಕೊಳ್ತೀನಿ, ಅಷ್ಟಕ್ಕಾದ್ರೂ ಬಿಡು." ಆ ಕಡೆಯಿಂದ ಒಂದೇ ಮಾತು, ನನಗೂ ಕೇಳಿಸ್ತು: "ಅಮ್ಮ ಇದ್ದಾಗ ಬರ್ಬೇಕಿತ್ತು." ತಮ್ಮ ಫೋನ್ ಇಟ್ಬಿಟ್ಟ.

ಸರ್ದಾರ್‌ಜಿ ಅಳಲಿಲ್ಲ. "ಬೆಹೆನ್‌ಜಿ, ಶಿಫ್ಟಿಗೆ ಲೇಟಾಯ್ತು" ಅಂತ ಬಟ್ಟೆ ತಂದ್ರು. ನಾನು ತುದಿ ಹಿಡ್ಕೊಂಡೆ. ಅವತ್ತು ಅವರು ಎಳೀಲೇ ಇಲ್ಲ, ಬಟ್ಟೆ ನಮ್ಮಿಬ್ಬರ ಮಧ್ಯೆ ಜೋಲು ಬಿದ್ದಿತ್ತು ಕಣೇ. ನನಗೆ ತಡೀಲಿಲ್ಲ, ನಾನೇ ಅತ್ತೆ.

ಏನಂದೆ? "ಬಟ್ ಹಿ ಸ್ಟಾರ್ಟೆಡ್ ಇಟ್" ಅಂತೆ! ಸ್ಕೂಲ್ ಎಲೆಕ್ಷನ್ನಲ್ಲಿ ಅಣ್ಣ ನಿಂಗೆ ವೋಟ್ ಹಾಕ್ಲಿಲ್ಲ ಅಂತ ಮೂರು ದಿನದಿಂದ ಮಾತು ಬಿಟ್ಟಿದೀಯಲ್ಲೇ. ತಪ್ಪು ಯಾರ್ದಾದ್ರೂ ಆಗ್ಲಿ, ಹೊತ್ತಿಗೆ ಸರಿಯಾಗಿ ಮಾತಾಡ್ಸಿಬಿಡಬೇಕು. ಏಳು, ಡ್ರೈಯರಲ್ಲಿ ನನ್ನ ಸೀರೆ ಇದೆ, ತಗೊಂಡು ಬಾ. ಒಂದು ತುದಿ ನೀನು ಹಿಡ್ಕೋ. ಇನ್ನೊಂದಕ್ಕೆ ಅಣ್ಣನ್ನ ಕರಿ.