ಮೂರನೆಯ ಪೆಟ್ಟು

ಕೇಳುವುದಾದರೆ ಕೇಳಿ. ನಡುವೆ ಬಾಯಿ ಹಾಕಬೇಡಿ. ಒಂದೇ ಮಾತು ಎರಡು ಸಲ ಹೇಳಿ ನನಗೆ ರೂಢಿಯಿಲ್ಲ.

ಎರಡು ಸಾವಿರದ ಒಂಬತ್ತನೇ ಇಸವಿ. ದೀಪಾವಳಿ ಕಳೆದು ಬಂದ ಅಮಾವಾಸ್ಯೆ. ಭಾವಿಕೇರಿಯಲ್ಲಿ ಒಂದು ಸಾವಿನ ಮನೆಗೆ ಹೋಗಿದ್ದೆ. ಕೊನೆಯ ಬಸ್ಸು ತಪ್ಪಿತು. ಮಂಜಗುಣಿಗೆ ನಡೆದೇ ಬಂದೆ.

ನಮ್ಮ ಕೇರಿ ಶುರುವಾಗುವಲ್ಲಿ ಒಂದು ಬಾವಿ ಇದೆ. ಕಬ್ಬಿಣದ ರಾಟೆ. ಅದರ ಹತ್ತಿರ ಬಂದಾಗ ರಾಟೆ ಒಂದು ಸಲ ತಿರುಗಿತು. ಕಿರ್‍ಕ್... ಅಷ್ಟೇ. ಗಾಳಿ ಇರಲಿಲ್ಲ. ಕೊಡಪಾನದ ಸದ್ದೂ ಇಲ್ಲ.

ಬಾವಿಕಟ್ಟೆಯ ಮೇಲೆ ಬೀಡಿಯ ಕೆಂಪು ಕಂಡಿತು.

"ಯಾರಾ?" ಅಂದೆ. ಮೆಲ್ಲಗೇ.

"ನಾನು ಅಣ್ಣಾ. ಸುಕ್ರ."

"ರಾಟೆ ತಿರುಗಿಸಿದ್ದು ನೀನಾ?"

"ಇಲ್ಲ. ನೀನು ಮುಟ್ಟಿದೆ ಅಂದ್ಕಂಡೆ."

ಇಬ್ಬರೂ ಬಾವಿಯ ಕಡೆ ನೋಡಲಿಲ್ಲ.

ಸುಕ್ರ ನನ್ನ ಚಿಕ್ಕಪ್ಪನ ಮಗ. ಅವನಪ್ಪ ಹುಲಿಯಾ ಗಂಗಾವಳಿ ಹೊಳೆಯಲ್ಲಿ ತಾರಿ ದಾಟಿಸುತ್ತಿದ್ದವ. ಜನರನ್ನು ದೋಣಿಯಲ್ಲಿ ಈ ದಂಡೆಯಿಂದ ಆ ದಂಡೆಗೆ ಬಿಡುವ ಕೆಲಸ. ಗಾಡಿ ದಾಟಿಸುವ ಬಾರ್ಜು ಬಂದ ಮೇಲೆ ಅದು ನಿಂತಿತು. ಸುಕ್ರ ಅದೇ ಹೊಳೆಯಲ್ಲಿ ಸಣ್ಣ ದೋಣಿ ಇಟ್ಟುಕೊಂಡು ಬಲೆ ಹಾಕುತ್ತಾನೆ. ಆ ರಾತ್ರಿಯೂ ಬಲೆ ಎತ್ತಲು ಹೊರಟಿದ್ದ. ಪಕ್ಕದಲ್ಲಿ ಕಪ್ಪು ಡಬ್ಬಿ, ದೋಣಿಯ ಮೋಟಾರಿನ ಬ್ಯಾಟರಿ.

"ಹುಟ್ಟು ಎಲ್ಲಿ?" ಅಂದೆ.

ಡಬ್ಬಿಯ ಮುಚ್ಚಳ ತಟ್ಟಿದ. "ಇದಿದೆಯಲ್ಲ."

"ತುಂಬಿದೆಯಾ?"

"ಮುಕ್ಕಾಲು. ಹಗಲು ಕರೆಂಟು ಇರಲಿಲ್ಲ."

ನಮ್ಮದು ಅದೇ ಹಣೆಬರಹ. ಕರೆಂಟು ಕದ್ರಾ ಡ್ಯಾಮಿನಲ್ಲಿ ಹುಟ್ಟುತ್ತದೆ, ನಮ್ಮೂರಿಗೆ ಬಂದು ಸಾಯುತ್ತದೆ.

"ಸಾಕಾಗ್ತದಾ?"

"ಹೋಗಿ ಬರೂಕೆ ಸಾಕು. ಒಬ್ಬನಿಗೆ ಸಾಕು."

ಎದ್ದು ಹೋದ. ನಾನು ಮನೆಗೆ ಬಂದೆ.

ಮೋಟಾರಿನ ವಿಷಯ ಹೇಳಬೇಕು. ಅವನ ಹೆಂಡತಿ ಹೊನ್ನುವಿನ ತಮ್ಮ ಸುನಿಲ ತಂದದ್ದು. ಸುನಿಲ ಗೋವಾದಲ್ಲಿ ದೋಣಿ ರಿಪೇರಿ ಮಾಡುತ್ತಾನೆ. ಯಾರೋ ಪರದೇಶದವ ಊರಿಗೆ ಹೋಗುವಾಗ ಬಿಟ್ಟು ಹೋದ ಕರೆಂಟಿನ ಮೋಟಾರು. ದೋಣಿಯ ಹಿಂದೆ ಸಿಕ್ಕಿಸುವುದು. ಉದ್ದ ಕೊಳವೆ, ತುದಿಯಲ್ಲಿ ಸಣ್ಣ ಫ್ಯಾನು. ಡೀಸೆಲ್ ಇಲ್ಲ, ಹೊಗೆ ಇಲ್ಲ. ಸದ್ದು ಅಂದರೆ ಗುಂಯ್... ಅಂತ ಸೊಳ್ಳೆಯಷ್ಟು. ಬ್ಯಾಟರಿ ಲಿಥಿಯಂ. ಲಾರಿ ಬ್ಯಾಟರಿಯ ಹಾಗೆ ಸೊಂಟ ಮುರಿಯುವ ಭಾರವಿಲ್ಲ, ಒಂದು ಕೈಯಲ್ಲಿ ಎತ್ತಬಹುದು. ಮೇಲೊಂದು ಮೀಟರು. ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಅಂಕಿ ತೋರಿಸುತ್ತದೆ.

ಸುನಿಲ ಕಲಿಸಿಕೊಟ್ಟಾಗ ನಾನೂ ಅಲ್ಲಿದ್ದೆ.

"ಭಾವಾ, ನೀ ಒಬ್ಬನೇ ಇದ್ರೆ ಹನ್ನೊಂದು ತೋರಿಸ್ತದೆ. ಇನ್ನೊಬ್ಬ ಹತ್ತಿದ್ರೆ ಹದಿಮೂರು, ಹದಿನಾಲ್ಕು. ಭಾರ ಜಾಸ್ತಿಯಾದಂಗೆ ಅಂಕಿ ಜಾಸ್ತಿ. ಲಾರಿ ಬ್ಯಾಟರಿ ಸುಸ್ತಾಗ್ತಾ ಹೋಗ್ತದೆ, ನಿಂಗೆ ಗೊತ್ತಾಗ್ತದೆ. ಇದು ಹಂಗಲ್ಲ. ಕೊನೇವರೆಗೂ ಅದೇ ಜೋರು. ಆಮೇಲೆ ಒಂದೇ ಸಲ ಕಡೀತದೆ."

"ಕಡಿದ್ರೆ?"

"ವಯರು ಬಿಚ್ಚು. ಸ್ವಲ್ಪ ತಡಿ. ಮತ್ತೆ ಹಾಕು. ಚೂರು ಓಡ್ತದೆ. ಒಂದೇ ಸಲ, ಹಾಂ. ಅದ್ರ ಮೇಲೆ ದೇವರೇ ಗತಿ."

"ಹುಟ್ಟು ಇದ್ರೆ ದೇವರು ಎಂತಕೆ?" ಅಂದಳು ಹೊನ್ನು.

"ಅಕ್ಕಾ, ವಿಮಾನದಲ್ಲಿ ಹೋಗುವವ ಹಿಂದೆ ಎತ್ತಿನ ಗಾಡಿ ಕಟ್ಕಂತಾನಾ?"

ಸುಕ್ರ ನಕ್ಕ. ಹುಟ್ಟು ಒಯ್ಯುವುದು ಅವತ್ತಿಗೇ ನಿಂತಿತು. ಹೊನ್ನು ದಿನಾ ಗೊಣಗುತ್ತಿದ್ದಳು. "ಒಯ್ದ್ರೆ ಅದೆಂತ ಅನ್ನ ಕೇಳ್ತದಾ?"

ಅವಳು ಗೊಣಗಿದ್ದಕ್ಕೆ ಇನ್ನೊಂದು ಕಾರಣ ಇತ್ತು. ದಂಡೆಗೆ ಕಟ್ಟಿದ ದೋಣಿ ರಾತ್ರಿ ಖಾಲಿ ಇರುವುದಿಲ್ಲ ಅಂತ ನಮ್ಮ ಹಿರಿಯರ ಮಾತು. ನೀರಲ್ಲಿ ಜೀವ ಹೋದವರು ದಣಿದು ಬಂದು ಕೂತಿರುತ್ತಾರೆ. ಅದಕ್ಕೇ ಹಗ್ಗ ಬಿಚ್ಚುವ ಮೊದಲು ಹುಟ್ಟಿನಿಂದ ದೋಣಿಯ ಅಂಚಿಗೆ ಮೂರು ಪೆಟ್ಟು. ಟಕ್. ಟಕ್. ಟಕ್. ಮೂರನೆಯದಕ್ಕೆ ಕೂತವರು ಇಳಿಯುತ್ತಾರೆ. ಆಮೇಲೆ ನಾವು ಹತ್ತುವುದು. ಇದು ಯೋಚಿಸಿ ಮಾಡುವ ಕೆಲಸವಲ್ಲ. ಹುಟ್ಟು ಹಿಡಿದರೆ ಕೈಯೇ ಬಡಿಯುತ್ತದೆ. ಹುಟ್ಟು ಇಲ್ಲದಿದ್ದರೆ ಕೈ ಮರೆಯುತ್ತದೆ.

ಸುಕ್ರನ ಕೈ ಮರೆಯಿತು.

ಇನ್ನು ಮುಂದಿನದು ಅವನು ಹೇಳಿದ್ದು. ಒಂದೇ ಸಲ ಹೇಳಿದ. ನಾನು ಏನೂ ಸೇರಿಸಿಲ್ಲ.

ದೋಣಿ ಬಿಟ್ಟ. ಹೊಳೆಯಲ್ಲಿ ಇಳಿತ ಶುರುವಾಗಿತ್ತು. ನೀರು ಸಮುದ್ರದ ಕಡೆ ಎಳೆಯುತ್ತಿತ್ತು. ಅಮಾವಾಸ್ಯೆಯ ಇಳಿತಕ್ಕೆ ಜೋರು ಹೆಚ್ಚು. ಬಲೆ ಇದ್ದದ್ದು ನಡುಹೊಳೆಯ ಮರಳದಿಬ್ಬದ ಹತ್ತಿರ. ಅದಕ್ಕೂ ಕೆಳಗೆ ಅಳಿವೆ. ಹೊಳೆ ಸಮುದ್ರಕ್ಕೆ ಸೇರುವ ಬಾಯಿ. ಇಳಿತದಲ್ಲಿ ಅಳಿವೆಗೆ ಸಿಕ್ಕಿದ ಸಣ್ಣ ದೋಣಿ ತಿರುಗಿ ಬಂದದ್ದಿಲ್ಲ. ನಮ್ಮ ಮಾಸ್ತಿ, ಸುಕ್ರನ ಸ್ವಂತ ಅಣ್ಣ, ಹೋದದ್ದು ಅಲ್ಲೇ. ಹೆಣ ಕೂಡ ಸಿಗಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಸುಕ್ರನಿಗೆ ಏನೋ ಸರಿ ಇಲ್ಲ ಅನಿಸಿತು. ಏನು ಅಂತ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸದ್ದು.

ಅವನು ಹಿಂದೆ ಕೂರುತ್ತಾನೆ. ಬ್ಯಾಟರಿಯೂ ಹಿಂದೆ. ಹಾಗಾಗಿ ದೋಣಿಯ ಮುಂಭಾಗ ಎದ್ದಿರುತ್ತದೆ. ಅದರ ಕೆಳಗೆ ಅಲೆ ಬಡಿಯುತ್ತದೆ... ಚಟ್... ಚಟ್... ಚಟ್. ಆ ರಾತ್ರಿ ಅದು ಇರಲಿಲ್ಲ. ಬುಳುಬುಳು ಅಂತ ನೀರು ಸರಿಯುವ ಸದ್ದು ಮಾತ್ರ.

ಮುಂಭಾಗ ತಗ್ಗಿತ್ತು.

ಮೀಟರು ನೋಡಿದ. ಹದಿನಾಲ್ಕು.

ಫ್ಯಾನಿಗೆ ಕಸ ಸಿಕ್ಕಿರಬೇಕು ಅಂದುಕೊಂಡ. ಮೋಟಾರು ಎತ್ತಿದ. ಟಾರ್ಚು ಲೈಟು ಹಾಕಿದ. ಫ್ಯಾನಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್... ಒಂದು ಎಳೆ ನೂಲೂ ಸಿಕ್ಕಿರಲಿಲ್ಲ.

ಲೈಟು ಮುಂದಕ್ಕೆ ಬಿಟ್ಟ. ಹಲಗೆ ಖಾಲಿ. ಹಲಗೆಯ ಕೆಳಗೆ ಹಸಿರು ಡಬ್ಬ. ಎಣ್ಣೆ ಕ್ಯಾನು ಕತ್ತರಿಸಿ ಮಾಡಿದ್ದು. ದೋಣಿಗೆ ಬಂದ ನೀರು ಎತ್ತಿ ಹೊರಗೆ ಚೆಲ್ಲಲು. ಗೂಟಕ್ಕೆ ದಾರದಿಂದ ಕಟ್ಟಿದ್ದ. ಬೇರೆ ಏನೂ ಇಲ್ಲ.

ಆದರೆ ಹಲಗೆ ಒದ್ದೆ ಇತ್ತು. ಒಬ್ಬರು ಕೂರುವಷ್ಟು ಜಾಗ.

ಮೋಟಾರು ಇಳಿಸಿದ. ಹದಿನೇಳು.

ಬಲೆ ಬೇಡ ಅಂತ ದೋಣಿ ತಿರುಗಿಸಿದ. ಈಗ ಇಳಿತಕ್ಕೆ ಎದುರಾಗಿ ಹೋಗಬೇಕು. ಇಪ್ಪತ್ತೆರಡು. ದಂಡೆಯ ದೀಪ ಕಾಣುತ್ತಿತ್ತು. ಹತ್ತಿರ ಬರಲಿಲ್ಲ. ಇಪ್ಪತ್ತಾರು... ಮುಂಭಾಗ ಇನ್ನೂ ತಗ್ಗಿತು. ಅಂಚಿಗೂ ನೀರಿಗೂ ನಾಲ್ಕು ಬೆರಳು ಉಳಿದಿರಬಹುದು.

ಹಾಗೇ ಕಡಿಯಿತು.

ಸುನಿಲ ಹೇಳಿದ ಹಾಗೆಯೇ. ಸುಸ್ತಾಗಲಿಲ್ಲ, ನಿಧಾನವಾಗಲಿಲ್ಲ. ಗುಂಯ್ ಅನ್ನುತ್ತಿದ್ದದ್ದು ಅನ್ನಲಿಲ್ಲ. ಮೀಟರಿನ ಅಂಕಿ ಆರಿತು. ಕತ್ತಲೆ.

ದೋಣಿ ಒಂದು ಗಳಿಗೆ ನಿಂತಿತು. ಆಮೇಲೆ ಹಿಂದಕ್ಕೆ ಹೊರಟಿತು. ಅಳಿವೆಯ ಕಡೆ.

ಅಳಿವೆ ಕೇಳಿಸುತ್ತಿತ್ತು. ಧೊಪ್... ಅಂತ ಅಲೆ ಬೀಳುವುದು. ಹ್ಸ್ಸ್ಸ್... ಅಂತ ಮರಳು ಎಳೆದುಕೊಂಡು ಹೋಗುವುದು. ಪ್ರತಿ ಸಲ ಒಂದಿಷ್ಟು ಹತ್ತಿರದಲ್ಲಿ.

ಈಜುವ ಹಾಗಿರಲಿಲ್ಲ. ಮಾಸ್ತಿ ನಮ್ಮಲ್ಲೇ ದೊಡ್ಡ ಈಜುಗಾರ.

ಕೈ ಹುಟ್ಟನ್ನು ಹುಡುಕಿತು. ಇರಲಿಲ್ಲ. ಆಗ ನೆನಪಾಯಿತು... ಬಡಿದಿಲ್ಲ.

ವಯರು ಬಿಚ್ಚಿದ. ಉಳಿದದ್ದು ಚೂರು ಕರೆಂಟು, ಒಂದೇ ಸಲಕ್ಕೆ. ಒಬ್ಬನಿಗಾದರೆ ಸಾಕಾದೀತು. ಈ ಭಾರಕ್ಕೆ ಸಾಲದು. ಮೊದಲು ಇಳಿಸಬೇಕು.

ಬಲೆ ಕೊಯ್ಯುವ ಕತ್ತಿ ಸೊಂಟದಲ್ಲಿತ್ತು. ಮರದ ಹಿಡಿ. ಅದರಿಂದಲೇ ಅಂಚಿಗೆ ಬಡಿದ.

ಟಕ್.

ಬುಳುಬುಳು ಸದ್ದು ನಿಂತಿತು.

ಟಕ್.

ಮುಂದಿನ ಹಲಗೆ ಕಿರುಗುಟ್ಟಿತು. ಕೂತವರು ಮಗ್ಗುಲು ತಿರುಗಿದ ಹಾಗೆ.

ಕೈ ಎತ್ತಿದ, ಮೂರನೆಯದಕ್ಕೆ. ಆಗ ಮಾತು ಕೇಳಿತು. ಪಿಸುಮಾತು.

"ಇಲ್ಲಿ ಬೇಡ..."

ಸುಕ್ರನ ಕೈ ಗಾಳಿಯಲ್ಲೇ ನಿಂತಿತು.

"ಇಲ್ಲಿ ಬೇಡಾ... ದಂಡಿಗೆ ಬಿಡು."

ಗಂಡಸೋ ಹೆಂಗಸೋ ಅಂತ ನಾನು ಕೇಳಿದೆ. ಗೊತ್ತಾಗಲಿಲ್ಲ ಅಂದ. ಮಾಸ್ತಿಯ ದನಿಯಾ ಅಂತಲೂ ಕೇಳಿದೆ. "ನೀರಲ್ಲಿ ಇದ್ದವರ ದನಿ ಎಲ್ಲಾ ಒಂದೇ ಅಣ್ಣಾ" ಅಂದ.

ಧೊಪ್... ಹ್ಸ್ಸ್ಸ್...

ಬಡಿದರೆ ಅದು ಇಳಿಯುತ್ತದೆ, ಇವನು ಉಳಿಯಬಹುದು. ಬಡಿಯದಿದ್ದರೆ ಇಬ್ಬರೂ ಅಳಿವೆಗೆ. ಆದರೆ ಸುಕ್ರ ಹುಲಿಯಾನ ಮಗ. ಹತ್ತಿಸಿಕೊಂಡವರನ್ನು ನಡುನೀರಲ್ಲಿ ಇಳಿಸಬಾರದು. ಆ ಮನೆಯಲ್ಲಿ ಮಕ್ಕಳಿಗೆ ಈಜು ಕಲಿಸುವ ಮೊದಲು ಇದನ್ನು ಕಲಿಸುತ್ತಾರೆ.

ಕತ್ತಿ ಕೆಳಗಿಟ್ಟ. ಹೇಳಿದ. ಅವನಪ್ಪ ತಾರಿಯಲ್ಲಿ ಕೂತವರಿಗೆ ಹೇಳುತ್ತಿದ್ದ ಮಾತೇ.

"ಹಂಗಾರೆ ಸುಮ್ನೆ ಕೂರಬೇಡ. ನೀನೂ ಒಂದ್ ಕೈ ಹಾಕು."

ಬ್ಯಾಟರಿ ಡಬ್ಬಿಯ ಮುಚ್ಚಳ ಕಿತ್ತ. ಅದನ್ನೇ ಹಿಡಿದು ಬಲಗಡೆ ನೀರು ಎಳೆಯತೊಡಗಿದ.

ಒಂದು ಮಾತು ತಿಳಿದಿರಲಿ. ಒಂದೇ ಮಗ್ಗುಲಲ್ಲಿ ನೀರು ಎಳೆದರೆ ದೋಣಿ ಸುತ್ತು ಹೊಡೆಯುತ್ತದೆ. ಎಂಥ ಅಂಬಿಗನಾದರೂ ಸರಿ.

ದೋಣಿ ಸುತ್ತಲಿಲ್ಲ. ನೆಟ್ಟಗೆ ಹೋಯಿತು. ಇಳಿತಕ್ಕೆ ಎದುರಾಗಿ.

ಇವನ ಕೈಯ ಸದ್ದು, ಚಪ್. ಅದರ ಬೆನ್ನಿಗೇ ಮುಂದಿನಿಂದ, ಎಡಗಡೆ... ಗ್ಲಪ್. ಡಬ್ಬ ನೀರಿಗೆ ಮುಳುಗಿದಾಗ ಬರುವ ಸದ್ದು. ಚಪ್... ಗ್ಲಪ್... ಚಪ್... ಗ್ಲಪ್... ಸುಕ್ರ ತಲೆ ಎತ್ತಲಿಲ್ಲ. ಲೈಟು ಹಾಕಲಿಲ್ಲ.

ಕೈ ಸೋತಾಗ ವಯರು ಮತ್ತೆ ಹಾಕಿದ. ಗುಂಯ್... ಮೀಟರು ಹತ್ತಿತು.

ಏಳು.

ಅವನೊಬ್ಬನೇ ಇದ್ದರೂ ಹನ್ನೊಂದು ಬರಬೇಕು. ಏಳು ಎಂದೂ ಕಂಡದ್ದಿಲ್ಲ. ಅಂಕಿ ನೋಡುತ್ತಾ ಕೂತ. ಚೂರು ಓಡಬೇಕಾದ ಮೋಟಾರು ಓಡುತ್ತಲೇ ಇತ್ತು. ಮುಂದೆ ಗ್ಲಪ್... ಗ್ಲಪ್... ನಿಲ್ಲಲಿಲ್ಲ.

ಕಲ್ಲಿಗೆ ತಾಗಿತು. ಖಟ್.

ಆಚೆ ದಂಡೆಯ ಹಳೇ ತಾರಿಕಟ್ಟೆ. ಹುಲಿಯಾ ಜನ ಇಳಿಸುತ್ತಿದ್ದ ಕಲ್ಲಿನ ಮೆಟ್ಟಿಲು. ಬಾರ್ಜು ಬಂದ ಮೇಲೆ ಅಲ್ಲಿಗೆ ಯಾರೂ ಹೋಗುವುದಿಲ್ಲ. ಸುಕ್ರ ಅಲ್ಲಿಗೆ ತಿರುಗಿಸಿರಲೂ ಇಲ್ಲ.

ದೋಣಿಯ ಮುಂಭಾಗ ಮೆಲ್ಲಗೆ ಎದ್ದಿತು. ಕೆಳಗೆ ಅಲೆ ಬಡಿಯತೊಡಗಿತು.

ಚಟ್... ಚಟ್... ಚಟ್.

ಮೆಟ್ಟಿಲಲ್ಲಿದ್ದ, ದೋಣಿ ಕಟ್ಟುವ ಕಬ್ಬಿಣದ ಬಳೆ ಹಿಡಿದು ಬೆಳಗಿನವರೆಗೆ ಕೂತಿದ್ದ. ದೋಣಿಯಿಂದ ಕಾಲು ಕೆಳಗಿಡಲಿಲ್ಲ.

ನಸುಕಿಗೆ ಹೊನ್ನು ನಮ್ಮ ಬಾಗಿಲು ಬಡಿದಳು. ಕೈಯಲ್ಲಿ ಹುಟ್ಟು. "ಭಾವಾ, ಇವರು ಬರಲಿಲ್ಲ" ಅಂದಳು. ಸುನಿಲ ರಜೆಗೆ ಬಂದು ಊರಲ್ಲೇ ಇದ್ದ. ನಾವಿಬ್ಬರೂ ನನ್ನ ದೋಣಿ ತೆಗೆದೆವು. ಮೊದಲು ಅಳಿವೆಯ ಕಡೆ ಹೋದೆವು. ಅಲ್ಲೇ ಹುಡುಕಬೇಕು ಅಂತ ಇಬ್ಬರಿಗೂ ಗೊತ್ತಿತ್ತು. ಆಮೇಲೆ ಸುನಿಲ ಕೈ ತೋರಿಸಿದ. ತಾರಿಕಟ್ಟೆಯಲ್ಲಿ ದೋಣಿ.

ಸುಕ್ರನ ಬೆರಳುಗಳನ್ನು ಬಳೆಯಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಅಲ್ಲೇ ಕೂತು ಹೇಳಿದ.

ಸುನಿಲ ನಂಬಲಿಲ್ಲ. "ಬಲೆ ಸುತ್ಕಂಡಿರ್ತದೆ ಭಾವಾ. ಅದ್ಕೇ ಅಷ್ಟು ಎಳೆದಿದ್ದು" ಅಂದ. ಮೋಟಾರು ಎತ್ತಿ ನೋಡಿದ. ಫ್ಯಾನು ಚೊಕ್ಕ. ಲಂಗರಿನ ಹಗ್ಗ ನೀರಿಗೆ ಬಿದ್ದು ಎಳೆದಿರಬೇಕು ಅಂದ. ಹಗ್ಗ ಸುತ್ತಿಟ್ಟ ಹಾಗೇ ಒಣಗಿ ಕೂತಿತ್ತು.

"ಏಳು ಹೆಂಗೆ ಬಂತಾ?" ಅಂತ ನಾನು ಕೇಳಿದೆ.

"ಕತ್ತಲೆಯಲ್ಲಿ ತಪ್ಪು ನೋಡಿರ್ತಾನೆ" ಅಂದ. ಆದರೆ ಮೀಟರನ್ನು ಎರಡು ಸಲ ಒರೆಸಿದ.

ನಾನು ಮೆಟ್ಟಿಲು ಹತ್ತಿ ನೋಡಿದೆ. ಮೇಲಿನ ಕಲ್ಲಿನ ಮೇಲೆ ಹಸಿರು ಡಬ್ಬ ಇತ್ತು. ಬೋರಲು. ತಾರಿಯಲ್ಲಿ ನೀರು ಎತ್ತಿದವರು ಇಳಿಯುವಾಗ ಹಾಗೇ ಇಡುತ್ತಿದ್ದರು. ದಾರ ಹರಿದಿರಲಿಲ್ಲ. ಗಂಟು ಬಿಚ್ಚಿತ್ತು. ಉಬ್ಬರ ಅಷ್ಟು ಎತ್ತರಕ್ಕೆ ಬರುವುದಿಲ್ಲ.

ಡಬ್ಬ ಎತ್ತಿದೆ. ಸುತ್ತಲಿನ ಕಲ್ಲು ಒಣಗಿ ಬೆಳ್ಳಗಿತ್ತು. ಡಬ್ಬದ ಕೆಳಗೆ ಮಾತ್ರ ಒದ್ದೆ.

ಸುಕ್ರ ಮೋಟಾರು ಬಿಟ್ಟಿಲ್ಲ. ಹುಟ್ಟನ್ನೂ ಬಿಡುವುದಿಲ್ಲ. ಮೂರು ಪೆಟ್ಟು ಬಡಿದೇ ಹಗ್ಗ ಬಿಚ್ಚುತ್ತಾನೆ. ನೀರು ಎತ್ತಲು ಬೇರೆ ಡಬ್ಬ ಮಾಡಿಕೊಂಡಿದ್ದಾನೆ.

ಇಲ್ಲದ್ದನ್ನು ಕಟ್ಟಿ ಹೇಳಲು ಮಾತು ಬೇಕು. ನನ್ನ ಹತ್ತಿರ ಅಷ್ಟು ಮಾತಿಲ್ಲ, ಅದು ನಿಮಗೂ ಗೊತ್ತು. ನಡೆದದ್ದು ಇದು.

ಹಸಿರು ಡಬ್ಬ ನಾನು ತಂದೆ, ಈಗ ನಮ್ಮ ಬಾವಿಕಟ್ಟೆಯ ಮೇಲಿದೆ. ರಾತ್ರಿ ನಾನು ಅದನ್ನು ನೆಟ್ಟಗೆ ಇಡುತ್ತೇನೆ. ಬೆಳಿಗ್ಗೆ ಬೋರಲು ಇರುತ್ತದೆ.